ಹಲಗೆಯ ಕೆಳಗೆ

ಕೃಷ್ಣೆಯ ದಡದ ಆಶ್ರಮಕ್ಕೆ ಇದ್ದದ್ದು ಒಂದೇ ದೋಣಿ. ಆಚೆ ದಡದ ಜನ ಪ್ರವಚನಕ್ಕೆ ಬಂದುಹೋಗುತ್ತಿದ್ದುದು ಅದರಲ್ಲೇ.

ದೋಣಿಯೊಳಗೆ ನೀರು ಜಿನುಗತೊಡಗಿದಾಗ ಶಿಷ್ಯ ಏಕಾಂತಯ್ಯ ವಯಸ್ಸಾದ ಬಡಿಗ ಮಾನಪ್ಪನನ್ನು ಕರೆಸಿದ. ಮುನ್ನೂರು ರೂಪಾಯಿಗೆ ಮಾತಾಯಿತು.

ಮೂರನೆಯ ದಿನ ಮಾನಪ್ಪ, "ಎಂಟುನೂರು ಆಗತೈತ್ರಿ" ಎಂದ.

ಏಕಾಂತಯ್ಯ ಸಿಟ್ಟಿನಿಂದ ಗುರುಗಳ ಬಳಿಗೆ ಬಂದ.

"ಗುರುಗಳೇ, ಮುನ್ನೂರು ಎಂದವನು ಈಗ ಎಂಟುನೂರು ಅನ್ನುತ್ತಿದ್ದಾನೆ. ದೋಣಿ ಬಿಚ್ಚಿ ಹಾಕಿದ್ದಾನೆ, ಬೇರೆಯವರನ್ನು ಕರೆಯುವಂತೆಯೂ ಇಲ್ಲ."

"ಯಾಕೆ ಹೆಚ್ಚಾಯಿತು ಅಂತ ಕೇಳಿದೆಯಾ?"

"ಕೇಳುವುದೇನು? ಆಡಿದ ಮಾತು ಆಡಿದ ಮಾತೇ ಅಲ್ಲವೇ?"

ಗುರುಗಳು ಎದ್ದು ಹೊಳೆಯತ್ತ ನಡೆದರು. ಏಕಾಂತಯ್ಯ ಹಿಂಬಾಲಿಸಿದ.

ಮರಳ ಮೇಲೆ ದೋಣಿಯನ್ನು ದಿಮ್ಮಿಗಳಿಗೆ ಆನಿಸಿ ನಿಲ್ಲಿಸಲಾಗಿತ್ತು.

"ಮಾನಪ್ಪಾ, ನೀನು ಕಂಡದ್ದನ್ನು ಇವನಿಗೂ ತೋರಿಸು."

ಮಾನಪ್ಪ ತಳದ ಹಲಗೆಯೊಂದನ್ನು ಎತ್ತಿದ. ಏಕಾಂತಯ್ಯನ ಕೈ ಹಿಡಿದು ಅದರಡಿಯ ಉದ್ದನೆಯ ತೊಲೆಯ ಮೇಲೆ ಇಟ್ಟ.

"ಒತ್ರಿ."

ಹೆಬ್ಬೆರಳು ಬುಡದವರೆಗೂ ಒಳಗಿಳಿಯಿತು. ಮರ ನೆನೆದ ಹಿಟ್ಟಿನಂತಿತ್ತು.

"ಇದು ದೋಣಿ ಬೆನ್ನೆಲುಬ್ರಿ. ಹಲಗಿ ಕೀಳೋತನಕ ನನಗೂ ಗೊತ್ತಿರಲಿಲ್ಲ. ಮ್ಯಾಲೆ ಹೊಸ ಹಲಗಿ ಬಡದು ಮುನ್ನೂರು ತಗೊಂಡು ಹೋಗಿದ್ರ ಯಾರಿಗೂ ತಿಳೀತಿರಲಿಲ್ಲ. ಕೈ ಏಳಲಿಲ್ರಿ."

ಏಕಾಂತಯ್ಯ ಬೆರಳು ಹೊರತೆಗೆಯುವುದನ್ನೇ ಮರೆತ. ಹೋದ ಸೋಮವಾರ ಇದೇ ದೋಣಿಯಲ್ಲಿ ಇಪ್ಪತ್ತೆರಡು ಜನರನ್ನು ಅವನೇ ದಾಟಿಸಿದ್ದ. ಬಾಣಂತಿಯೊಬ್ಬಳ ಮಡಿಲಲ್ಲಿ ಕೂಸು ಮಲಗಿತ್ತು. ನಡುಹೊಳೆಯಲ್ಲಿ ಅವನು ಹಾಡುತ್ತಿದ್ದ.

ಎದುರಿಗೆ ಹೊಳೆ ಕಣ್ಣು ಹಾಯುವಷ್ಟು ಅಗಲಕ್ಕೆ, ಸದ್ದಿಲ್ಲದೆ ಹರಿಯುತ್ತಿತ್ತು.

"ಗುರುಗಳೇ, ಇಷ್ಟು ದಿನ ನಮ್ಮನ್ನು ತೇಲಿಸಿದ್ದು ಯಾವುದು?"

ಗುರುಗಳು ಬಡಿಗನಿಗೆ ಕೈಮುಗಿದರು.

ಏಕಾಂತಯ್ಯ ಬಗ್ಗಿ ಮಾನಪ್ಪನ ಪಾದ ಮುಟ್ಟಿದ.

"ಅಯ್ಯೋ, ಬ್ಯಾಡ್ರಿ!" ಎಂದು ಮುದುಕ ಹಿಂದೆ ಸರಿದ.

"ಉಳಿದ ಐನೂರಕ್ಕೆ ಮಂದಿರದ ಸೂರಿಗೆಂದು ತೆಗೆದಿಟ್ಟ ಹಣವೊಂದೇ ಇರುವುದು, ಗುರುಗಳೇ."

"ಸೂರು ಸೋರಿದರೆ ನೆನೆಯುತ್ತೇವೆ, ಮುಳುಗುವುದಿಲ್ಲ. ಕೊಟ್ಟುಬಿಡು."

ಮರಳುವಾಗ ಏಕಾಂತಯ್ಯ ತಲೆ ತಗ್ಗಿಸಿ ನಡೆಯುತ್ತಿದ್ದ.

"ಮುನ್ನೂರು ಎಂಟುನೂರಾದರೆ ಅದು ಮೋಸವೇ ಎಂದುಕೊಂಡೆ."

ಗುರುಗಳು ನಕ್ಕರು. "ನೀನು ಇಲ್ಲಿಗೆ ಬಂದ ದಿನ, ಕಲಿಯಲು ಎಷ್ಟು ಕಾಲ ಬೇಕು ಎಂದು ಕೇಳಿದ್ದೆ. ನಾನು ಏನು ಹೇಳಿದ್ದೆ?"

"ಒಂದು ವರ್ಷ ಸಾಕು ಎಂದಿದ್ದಿರಿ."

"ಈಗ ಎಷ್ಟಾಯಿತು?"

"ಹನ್ನೊಂದು."

"ಆಗ ನಾನಿನ್ನೂ ಹಲಗೆ ಎತ್ತಿರಲಿಲ್ಲ."