ದ್ಯಾಮವ್ವನ ಕೈಗಂಟು

ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ದ್ಯಾಮವ್ವನ ಮಣಿಕಟ್ಟಿನ ಮೇಲೆ ನೆಲ್ಲಿಕಾಯಿಯಷ್ಟು ಗಂಟು ಎದ್ದಿತ್ತು. ಬಡಿದಾಗಲೆಲ್ಲ ಜೀವ ಹೋಗುವಂಥ ನೋವು. ಮಾಲಕ ಸೋಮಲಿಂಗಪ್ಪನ ಮುಂದೆ ನಿಂತು ಡಾಕ್ಟರ ಮಾತು ಒಪ್ಪಿಸಿದಳು.

"ನೋವಿಲ್ಲಂದ್ರ ಹಂಗಽ ಬಿಡಬಹುದಂತ್ರಿ. ಸೂಜಿ ಹಾಕಿ ನೀರು ತೆಗೆದ್ರ ಮತ್ತ ತುಂಬಬಹುದಂತ. ಆಪರೇಷನ್ ಆದ್ರ ತಿರುಗಿ ಬರೋದು ಕಡಿಮಿ, ಆದ್ರ ಕೆಲವು ವಾರ ರೊಟ್ಟಿ ಬಡಿಯೋಹಂಗಿಲ್ಲ. ನನಗ ನೋವೈತ್ರಿ, ರಜಾ ಕೊಡ್ರಿ."

ಸೋಮಲಿಂಗಪ್ಪ ತಲೆ ಎತ್ತಲಿಲ್ಲ. "ಹಂಗಽ ಬಿಡು. ತಾನಽ ಹೋಗತೈತಿ."

ಮಧ್ಯಾಹ್ನ ಊಟದವರು ತುಂಬಿದರು. ಹಂಚು ತಣ್ಣಗಿತ್ತು. ದ್ಯಾಮವ್ವ ಕೈಕಟ್ಟಿ ಕೂತಿದ್ದಳು.

"ಏನ್ ಕುಂತಿ? ಮಂದಿ ರೊಟ್ಟಿ ರೊಟ್ಟಿ ಅಂತ ಒದರಾಕತ್ಯಾರ!"

"ಹಂಗಽ ಬಿಡ್ರಿ ಸಾವ್ಕಾರ್ರ. ತಾವಽ ಹೋಗತಾರ."

ಅಷ್ಟರಲ್ಲಿ ಒಂದು ಪಂಕ್ತಿಯೇ ಎದ್ದು ಹೊರಟಿತು. ಇಷ್ಟು ವರ್ಷ ಬರೀ ರೊಟ್ಟಿ ಕಂಡಿದ್ದ ಸೋಮಲಿಂಗಪ್ಪನ ಕಣ್ಣಿಗೆ ಆಗ ಮೊದಲ ಸಲ ದ್ಯಾಮವ್ವನ ಕೈ ಬಿತ್ತು.