ಅಂಕಿತವಿಲ್ಲದ ಜೋಗುಳ

ಕಂಪ್ಯೂಟರಿಗೆ ಹೊಸ ಮ್ಯೂಸಿಕ್ ಪ್ಲೇಯರ್ ಬಂದಾಗ ಹಳೆಯ ಸ್ಪೀಕರು, “ಬೇಗ ಒಂದು ಹಾಡು ಕೊಡಪ್ಪ,” ಎಂದಿತು.

“ತಾಳು, ಮೊದಲು ಪಟ್ಟಿಯಾಗಲಿ,” ಎಂದ ಪ್ಲೇಯರು ಪ್ರತಿ ಹಾಡಿಗೂ ಹಾಡಿದವರ ಹೆಸರು ಕೇಳತೊಡಗಿತು.

“ನನ್ನನ್ನು ಹಾಡಿದ್ದು ಮನೆಯೊಡತಿ ಸುಲೋಚನಾಳ ತಾಯಿ, ಹೆಸರು ಯಾರೂ ಬರೆದಿಲ್ಲ,” ಎಂದಿತು ಒಂದು ಜೋಗುಳ. “ದಾಸರ ಪದಕ್ಕೆ ಅಂಕಿತವುಂಟು, ತೊಟ್ಟಿಲ ಪದಕ್ಕೆ ಎಲ್ಲಿಂದ ತರಲಿ?”

“ಹೆಸರಿಲ್ಲದವರಿಗೆ ಜಾಗವಿಲ್ಲ,” ಎಂದು ಪ್ಲೇಯರು ಅದನ್ನು ಹೊರಗಿಟ್ಟಿತು.

ಸುಲೋಚನಾ ಬಂದು ತಾಯಿಯ ಹೆಸರು ಬರೆದು ಹುಡುಕಿದಳು. ಪರದೆ “ಇಲ್ಲ” ಎಂದಿತು. “ಅವ್ವನ ದನಿಯೂ ಹೋಯಿತು,” ಎಂದು ಕಣ್ಣೊರೆಸಿಕೊಂಡು ಎದ್ದುಹೋದಳು.

ಆ ದನಿ ಸ್ಪೀಕರಿಗೆ ಬಾಯಿಪಾಠವಿತ್ತು. ಆದರೆ ಪ್ಲೇಯರು ಕೊಡದೆ ಮನುಷ್ಯರಿಗೆ ಕೇಳುವಂತೆ ಅದು ತುಟಿಬಿಚ್ಚಲಾರದು.

“ಪಟ್ಟಿ ಮುಗಿಯಿತು, ಈಗ ಹಾಡೋಣವೇ?” ಎಂದಿತು ಪ್ಲೇಯರು.

ಸ್ಪೀಕರು ಖಾಲಿ ಕುರ್ಚಿಯನ್ನು ನೋಡಿತು. “ಯಾರಿಗೆ?”