ಗಾಳಿಗಾಗಿ ಕಾದ ವ್ಯಾಪಾರಿ

“ಗುರುಗಳೇ, ಯಾರಾದರೂ ಕೆಣಕಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಹಾಗಿರುವಾಗ ತಪ್ಪು ನನ್ನದು ಹೇಗಾಗುತ್ತದೆ?” ಎಂದು ಶಿಷ್ಯ ಕೇಳಿದ.

ಗುರು ನೇರವಾಗಿ ಉತ್ತರಿಸುವವರಲ್ಲ. ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿ ಮನೆ ಕಟ್ಟಿಸಿ ಅದಕ್ಕೆ ವಿಮೆ ಮಾಡಿಸಿದ. ಎರಡನೆಯ ವರ್ಷ ಅಡುಗೆಮನೆಯ ಗೋಡೆ ಬಿಳಿ ಹಿಟ್ಟು ಉದುರಿಸತೊಡಗಿತು. ಸವಳು ಮಣ್ಣಿನ ಇಟ್ಟಿಗೆ. ಒಳಗಿನ ಉಪ್ಪು ಹೊರಗೆ ಬರುತ್ತಿತ್ತು. ಇಟ್ಟಿಗೆ ಮಾರಿದವನು ಊರು ಬಿಟ್ಟಿದ್ದ. ವ್ಯಾಪಾರಿ ವಿಮೆಯವನನ್ನು ಕರೆಸಿದ.

ಅವನು ಗೋಡೆಗೆ ಬೆರಳು ಒರೆಸಿ ನಾಲಿಗೆಗೆ ಮುಟ್ಟಿಸಿದ. “ಉಪ್ಪು, ಸ್ವಾಮಿ. ಬೆಂಕಿಗೆ, ನೆರೆಗೆ, ಬಿರುಗಾಳಿಗೆ ಹಾಳಾದರೆ ನಾವು ಕೊಡ್ತೀವಿ. ಇಟ್ಟಿಗೆಯೇ ಕೆಟ್ಟದ್ದಾದರೆ ಕೊಡೋದಿಲ್ಲ.”

“ಗಾಳಿಗೆ ಬಿದ್ದರೆ?”

“ಬೀಳಲಿ, ಬಂದು ನೋಡ್ತೀವಿ.”

ಅಂದಿನಿಂದ ವ್ಯಾಪಾರಿ ಗಾಳಿಗಾಗಿ ಕಾದ. ಮಧ್ಯಾಹ್ನ ಅಂಗಡಿಯಲ್ಲಿ ದಿಂಬಿಗೊರಗಿ ಕಣ್ಣು ಮುಚ್ಚಿದರೆ ಸಾಕು, ಕನಸಿನಲ್ಲಿ ಗಾಳಿ ಬೀಸುತ್ತಿತ್ತು. ಕಪಾಟಿನ ಸೀರೆಗಳೆಲ್ಲ ಮಡಿಕೆ ಬಿಚ್ಚಿಕೊಂಡು ಬೀದಿಯ ಮೇಲೆ ತೇಲುತ್ತಿದ್ದವು. ಅವುಗಳ ಹಿಂದೆ ಅವನ ಗೋಡೆ, ಒಂದೊಂದೇ ಇಟ್ಟಿಗೆಯಾಗಿ, ಅರಳೆಯಷ್ಟು ಹಗುರವಾಗಿ ಹಾರಿಹೋಗುತ್ತಿತ್ತು. ಎಚ್ಚರವಾದಾಗ ಸೀರೆಗಳು ಮಡಿಸಿಟ್ಟಲ್ಲೇ ಇರುತ್ತಿದ್ದವು. ಅವನಿಗೆ ಬೇಸರವಾಗುತ್ತಿತ್ತು.

ಹೆಂಡತಿ ಅಡುಗೆ ಮಾಡುತ್ತಿದ್ದುದು ಆ ಗೋಡೆಯ ಬುಡದಲ್ಲಿ. “ಈಚೆಗೆ ನಾನು ಸಾರಿಗೆ ಉಪ್ಪೇ ಹಾಕ್ತಿಲ್ಲ ಕಣ್ರೀ, ಗೋಡೆಯೇ ಹಾಕುತ್ತೆ. ನನ್ನ ಮೇಲೆ ಬೀಳೋ ಮೊದಲು ಕೆಡವಿ ಕಟ್ಟಿಸಿ” ಎಂದಳು.

“ನಾವೇ ಕೆಡವಿದರೆ ಕಾಸು ಬರಲ್ಲ ಕಣೇ. ಆಷಾಢ ಬರಲಿ, ತಡಿ.”

ಆಷಾಢ ಬಂತು, ಗಾಳಿಯೂ ಬಂತು. ಪಕ್ಕದ ಮನೆಯ ಹೆಂಚು ಹಾರಿತು. ಬೀದಿಯ ಬೇವಿನ ಮರ ಮುರಿಯಿತು. ವ್ಯಾಪಾರಿ ಅಂಗಳದಲ್ಲಿ ನಿಂತು, ನೆಂಟರಿಗೆ ದಾರಿ ತೋರಿಸುವವನಂತೆ, ಗಾಳಿಗೆ ತನ್ನ ಗೋಡೆಯತ್ತ ಕೈ ತೋರಿಸಿದ. ಗೋಡೆ ಅಲುಗಲಿಲ್ಲ.

ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ, ಎಲೆಯೂ ಮಿಸುಕದ ಹೊತ್ತಿನಲ್ಲಿ, ಗೋಡೆ ಕೂತಲ್ಲೇ ತೂಕಡಿಸಿದವರ ಹಾಗೆ ಮೆಲ್ಲಗೆ ಕುಸಿಯಿತು. ಚಾವಣಿ ಅದರ ಹಿಂದೆಯೇ ಬಂತು. ಹೆಂಡತಿಯ ಕಾಲು ಅಡಿಯಲ್ಲಿ ಸಿಕ್ಕಿತು. ಆಮೇಲೆ ಅವಳು ಕೋಲಿಲ್ಲದೆ ನಡೆಯಲಿಲ್ಲ.

ವಿಮೆಯವನು ಬಂದ. “ಗಾಳಿ ಎಷ್ಟು ಜೋರಿತ್ತು?”

ವ್ಯಾಪಾರಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಮಲಗಿದಲ್ಲಿಂದಲೇ ಹೇಳಿದಳು: “ಒಲೆಯ ಬೂದಿಯೂ ಹಾರಲಿಲ್ಲ.”

ವಿಮೆಯವನು ಹಾಗೆಯೇ ಬರೆದುಕೊಂಡು ಹೋದ.

ಗುರು ಕತೆ ನಿಲ್ಲಿಸಿದರು. ಶಿಷ್ಯ ತುಸು ಯೋಚಿಸಿ, “ವ್ಯಾಪಾರಿ ಮೂರ್ಖ, ಒಪ್ಪಿದೆ. ನನ್ನ ವಿಷಯ ಬೇರೆ, ಗುರುಗಳೇ. ನನ್ನನ್ನು ನಿಜವಾಗಿಯೂ ಕೆಣಕುತ್ತಾರೆ” ಎಂದ.

ಗುರು ಹೇಳಿದರು: “ನಿನ್ನೆ ನೀನು ಒದ್ದ ನಾಯಿ ನಿದ್ದೆ ಮಾಡುತ್ತಿತ್ತು.”